ಚಿಕ್ಕಪ್ಪನ ನೆನಪಿನ ಪುಸ್ತಿಕೆ ಬರೆದ ಬಗೆ

ಕೊಡಗಿನಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರು ತೀರಿಕೊಂಡರೆ ಅವರ ಬಗ್ಗೆ ಬರೆಯುವುದು ಸುಲಭ. ಹುದ್ದೆ, ಪಾಲ್ಗೊಂಡ ಯುದ್ಧ, ಬಂದ ಪದಕ, ಕೊನೆಗೆ ‘ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ’. ಚಿಕ್ಕಪ್ಪನ ಸುದ್ದಿಯೂ ಹಾಗೆಯೇ ಬಂದಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅವರು ದಂತವೈದ್ಯರು ಎನ್ನುವುದು ಹುದ್ದೆಯ ಹಿಂದೆ ಎಲ್ಲೋ ಅಡಗಿತ್ತು. ಸೇನೆಯಲ್ಲಿದ್ದಾಗಲೂ, ಆಮೇಲೆ ಗೋಣಿಕೊಪ್ಪಲಿನಲ್ಲಿ ಕ್ಲಿನಿಕ್ ತೆರೆದಾಗಲೂ ಅವರು ಬೆಳಗಿನಿಂದ ಸಂಜೆಯವರೆಗೆ ಮಾಡಿದ್ದು ಹಲ್ಲಿನ ಕೆಲಸವನ್ನೇ.

ಕನ್ನಡ ಮೇಷ್ಟರಾಗಿ ನಿವೃತ್ತಳಾದ ಮೇಲೆ ನಾನು ಇಂಥ ನೆನಪಿನ ಪುಸ್ತಿಕೆಗಳನ್ನು ಊರಿನ ಕೆಲವು ಮನೆಗಳಿಗೆ ಮಾಡಿಕೊಟ್ಟಿದ್ದೇನೆ. ಹಾಗಾಗಿ ಚಿಕ್ಕಪ್ಪನ ಮಕ್ಕಳು, ‘ವರ್ಷಾಂತಿಕದ ಹೊತ್ತಿಗೆ ಅಪ್ಪನದ್ದೂ ಒಂದು ಆಗಲಿ ಅಕ್ಕಾ’ ಎಂದರು. ಸ್ವಂತ ಮನೆಯವರ ಬಗ್ಗೆ ಬರೆಯುವುದು ಬೇರೆಯವರ ಬಗ್ಗೆ ಬರೆದಷ್ಟು ಸಲೀಸಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ, ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರುವುದಕ್ಕೆ ತಾಳೆಯಾಗುವುದಿಲ್ಲ.

ನಾನು ಮೊದಲು ಮಾತನಾಡಿಸುವುದು ವಸ್ತುಗಳನ್ನು. ಅಟ್ಟದಿಂದ ಅವರ ಕಪ್ಪು ತಗಡಿನ ಟ್ರಂಕನ್ನು ಇಳಿಸಿ ಪದಕಗಳನ್ನು ಹೊರತೆಗೆದೆ. ಪದಕದ ಮುಖ ನೋಡಿ ಸುಮ್ಮನಾಗಬಾರದು, ಅದರ ಅಂಚನ್ನು ಬೆಳಕಿಗೆ ಹಿಡಿಯಬೇಕು. ಸೇವಾ ಸಂಖ್ಯೆ, ಆಗಿನ ಹುದ್ದೆ, ಹೆಸರು ಅಲ್ಲಿ ಸಣ್ಣದಾಗಿ ಕೊರೆದಿರುತ್ತದೆ. 1971ರ ಯುದ್ಧಕ್ಕೆ ಎರಡು ನಕ್ಷತ್ರ ಪದಕಗಳಿವೆ: ಪಶ್ಚಿಮದ ರಣರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್. ಚಿಕ್ಕಪ್ಪ ರಾಜಸ್ಥಾನದ ಮರಳಿನಲ್ಲಿ ಯುದ್ಧ ಕಂಡವರು ಎಂದು ನಮ್ಮ ಮನೆಯಲ್ಲಿ ಹೇಳುತ್ತಲೇ ಬಂದಿದ್ದರು. ಟ್ರಂಕಿನಲ್ಲಿದ್ದದ್ದು ಪೂರ್ವಿ ಸ್ಟಾರ್. ದೊಡ್ಡಣ್ಣನಿಗೆ ಇದು ಹಿಡಿಸಲಿಲ್ಲ. ಆದರೂ ಪುಸ್ತಿಕೆಯಲ್ಲಿ ಮರಳು ಉಳಿಯಲಿಲ್ಲ.

ಜನರಲ್ ತಿಮ್ಮಯ್ಯನವರ ಪ್ರಸಂಗ ಇನ್ನೊಂದು. ನಮ್ಮ ಜಿಲ್ಲೆಯ ಯಾವ ಸೈನಿಕನ ಜೀವನಚರಿತ್ರೆಯಲ್ಲೂ ತಿಮ್ಮಯ್ಯನವರೋ ಕಾರ್ಯಪ್ಪನವರೋ ಒಮ್ಮೆ ಹೆಗಲು ತಟ್ಟಿರಲೇಬೇಕು! ರಜೆಗೆ ಊರಿಗೆ ಬಂದಿದ್ದಾಗ ತಿಮ್ಮಯ್ಯನವರು ಮಡಿಕೇರಿಯಲ್ಲಿ ಮಾತನಾಡಿಸಿ, ‘ಸೇನೆಗೂ ಹಲ್ಲಿನ ಡಾಕ್ಟರು ಬೇಕು’ ಎಂದಿದ್ದರು ಎಂದು ಚಿಕ್ಕಪ್ಪ ಹೇಳುತ್ತಿದ್ದರು. ನಾನು ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ. ಚಿಕ್ಕಪ್ಪ ಅದರ ಆರಂಭದ ವರ್ಷಗಳ ವಿದ್ಯಾರ್ಥಿ. ತಿಮ್ಮಯ್ಯನವರು ನಿವೃತ್ತರಾದದ್ದು 1961ರಲ್ಲಿ, ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ಗೆ ಹೋದದ್ದು 1964ರಲ್ಲಿ, ಅಲ್ಲಿಯೇ ತೀರಿಕೊಂಡದ್ದು 1965ರ ಡಿಸೆಂಬರಿನಲ್ಲಿ. ಭೇಟಿ ನಡೆದಿರಬಹುದು, ಆದರೆ ಕಂಡವರು ಯಾರೂ ಈಗ ಇಲ್ಲ. ‘ಎಂದು ಅವರು ಹೇಳುತ್ತಿದ್ದರು’ ಎಂಬ ಬಾಲ ಸೇರಿಸಿ ಬರೆದೆ.

ಟ್ರಂಕಿನ ತಳದಲ್ಲಿ ತಂತಿ ಕತ್ತರಿಸುವ ಪುಟ್ಟ ಇಕ್ಕಳವೊಂದು ಸಿಕ್ಕಿತು. ಹಿಡಿಯ ತುದಿಯಲ್ಲಿ ದಾರ ಕಟ್ಟಿದ ಗುರುತಿತ್ತು. ಚಿಕ್ಕಮ್ಮನಿಗೂ ಅದು ಏನೆಂದು ತಿಳಿಯದು. ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು, ಸೇನೆಯಲ್ಲಿ ಚಿಕ್ಕಪ್ಪನ ಕೈಕೆಳಗೆ ಸಹಾಯಕರಾಗಿದ್ದ ಹಿರಿಯರೊಬ್ಬರನ್ನು ಹುಡುಕಿಕೊಂಡು ಕುಶಾಲನಗರಕ್ಕೆ ಹೋದೆ. ಮೊದಲು ಅವರೂ ‘ಸಾಹೇಬರು ಬಹಳ ಶಿಸ್ತಿನವರು’ ಎಂಬಲ್ಲಿಗೇ ನಿಂತಿದ್ದರು. ಇಕ್ಕಳ ಮೇಜಿನ ಮೇಲಿಟ್ಟೊಡನೆ ಎದ್ದು ಕುಳಿತರು.

“ಇದನ್ನು ಮಂಚಕ್ಕೆ ಕಟ್ಟುತ್ತಿದ್ದೆವಮ್ಮಾ” ಎಂದರು. ದವಡೆ ಮುರಿದ ಜವಾನನಿಗೆ ಮೇಲಿನ, ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದು ಬಾಯಿ ಮುಚ್ಚಿಸಿಬಿಡುತ್ತಾರೆ. ಮೂಳೆ ಕೂಡಿಕೊಳ್ಳಲು ವಾರಗಟ್ಟಲೆ ಬೇಕು. ಅಷ್ಟೂ ದಿನ ಗಂಜಿ ನೀರು, ಹಾಲು. ನಡುವೆ ವಾಂತಿ ಬಂದರೆ ಉಸಿರು ಕಟ್ಟಿ ಸಾಯುವ ಅಪಾಯ, ಆಗ ತಂತಿಯನ್ನು ತಕ್ಷಣ ಕತ್ತರಿಸಲೇಬೇಕು. ಅದಕ್ಕೆಂದೇ ಇಕ್ಕಳ ಕೈಗೆಟಕುವಲ್ಲಿ ಇರಬೇಕು. ರಾತ್ರಿ ಪಾಳಿಯವರು ಅದನ್ನು ಎಲ್ಲೋ ಇಟ್ಟು ಮರೆಯಬಾರದೆಂದು ಚಿಕ್ಕಪ್ಪ ದಾರ ಕಟ್ಟಿಸಿದ್ದರು. ದವಡೆ ಎರಡೂ ಕಡೆ ಮುರಿದವನನ್ನು ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಜಾರಿ ಉಸಿರ ದಾರಿ ಮುಚ್ಚುತ್ತದೆ, ಬೋರಲು ಮಲಗಿಸಬೇಕು ಇಲ್ಲವೇ ಮುಂದಕ್ಕೆ ಬಾಗಿಸಿ ಕೂರಿಸಬೇಕು. ಸ್ಟ್ರೆಚರ್ ಹೊರುವವರಿಗೆ ಚಿಕ್ಕಪ್ಪ ಇದನ್ನು ನೆಲದ ಮೇಲೆ ತಾವೇ ಮಲಗಿ ತೋರಿಸುತ್ತಿದ್ದರಂತೆ.

ಸೇನಾ ದಂತ ದಳ ಹುಟ್ಟಿದ್ದು 1941ರ ಫೆಬ್ರವರಿ 1ರಂದು. ಅದರ ಬಗ್ಗೆ ನಮ್ಮೂರಿನಲ್ಲಿ ಯಾರೂ ಮಾತನಾಡುವುದಿಲ್ಲ. ‘ಯುದ್ಧದಲ್ಲಿ ಹಲ್ಲಿನ ಡಾಕ್ಟರಿಗೇನು ಕೆಲಸ’ ಎಂಬ ನಗೆಯನ್ನು ನಾನೇ ಮದುವೆ ಮನೆಗಳಲ್ಲಿ ಕೇಳಿದ್ದೇನೆ. ಪುಸ್ತಿಕೆಯ ಸೇನೆಯ ಭಾಗವೆಲ್ಲ ಆ ಇಕ್ಕಳದ ಸುತ್ತಲೇ ಇದೆ. ಬಡ್ತಿ, ವರ್ಗಾವಣೆಗಳ ಪಟ್ಟಿಯನ್ನು ಹಿಂದಿನ ಪುಟಕ್ಕೆ ತಳ್ಳಿದೆ.

ಗೋಣಿಕೊಪ್ಪಲಿನ ಭಾಗಕ್ಕೆ ಜನರ ನೆನಪೇ ಬೇಕಿತ್ತು. ‘ಡಾಕ್ಟರು ಹೇಗಿದ್ದರು’ ಎಂದು ಕೇಳಿದರೆ ಸಿಗುವುದು ಒಂದೇ ಉತ್ತರ: ದೇವರಂಥ ಮನುಷ್ಯ. ಬರೆಯುವವರಿಗೆ ಇದರಿಂದ ಚಿಕ್ಕಾಸಿನ ಉಪಯೋಗವಿಲ್ಲ. ನಾನು ‘ಯಾವ ಹಲ್ಲು?’ ಎಂದು ಕೇಳತೊಡಗಿದೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಮುದುಕಿಯೊಬ್ಬಳು ತುಟಿಯನ್ನು ಬೆರಳಿನಿಂದ ಎಳೆದು ಖಾಲಿ ಜಾಗ ತೋರಿಸಿದಳು. “ಇದು. ಕಿತ್ತ ಮೇಲೆ ಹತ್ತಿ ಕಚ್ಚಿಸಿ ಬೆಂಚಿನ ಮೇಲೆ ಕೂರಿಸಿದರು. ಎದ್ದರೆ ಬೈಗುಳ. ಸಿದ್ದಾಪುರದ ಬಸ್ಸು ತಪ್ಪಿತು. ಆಮೇಲೆ ಅವರದೇ ಜೀಪಿನಲ್ಲಿ ತೋಟದ ಗೇಟಿನವರೆಗೆ ಬಿಟ್ಟರು, ದಾರಿಯುದ್ದಕ್ಕೂ ಬೈಯುತ್ತಲೇ.” ಬೈಗುಳ ಯಾಕೆಂದರೆ ಅವಳ ಸೆರಗಿನ ಗಂಟಿನಲ್ಲಿ ಹೊಗೆಸೊಪ್ಪು ಇತ್ತು.

ಹೊಗೆಸೊಪ್ಪು, ಅಡಿಕೆಯ ಮೇಲೆ ಚಿಕ್ಕಪ್ಪನಿಗಿದ್ದ ಸಿಟ್ಟು ಎಲ್ಲರ ನೆನಪಿನಲ್ಲೂ ಬಂತು. ಮಳೆಗಾಲದಲ್ಲಿ ತೋಟದ ಕೆಲಸದವರು ಚಳಿಗೆಂದು ಕೆನ್ನೆಯೊಳಗೆ ಎಲೆಯಡಿಕೆಯ ಉಂಡೆ ಇಟ್ಟುಕೊಂಡೇ ಇರುತ್ತಾರೆ. ಅಡಿಕೆ ವರ್ಷಗಟ್ಟಲೆ ಹಾಗೆ ಕುಳಿತರೆ ಬಾಯಿಯ ಒಳಪದರ ಬಿಳಿಚಿಕೊಂಡು ಗಡುಸಾಗುತ್ತದೆ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಹೀಗಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ, ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ಹಲ್ಲುನೋವೆಂದು ಬಂದವರಿಗೂ ಚಿಕ್ಕಪ್ಪ ಮೊದಲು ಹೇಳುತ್ತಿದ್ದದ್ದು ‘ನಿನ್ನದೇ ಮೂರು ಬೆರಳು ಜೋಡಿಸಿ ನೆಟ್ಟಗೆ ಬಾಯೊಳಗೆ ಇಡು’ ಎಂದು. ಎರಡೇ ಹೋದರೆ ರಿಜಿಸ್ಟರಿನಲ್ಲಿ ಕೆಂಪು ಗೆರೆ, ಮಂಗಳೂರಿಗೋ ಮೈಸೂರಿಗೋ ಚೀಟಿ. ಆ ರಿಜಿಸ್ಟರುಗಳು ಈಗಲೂ ಚಿಕ್ಕಮ್ಮನ ಬಳಿ ಇವೆ. ನಾನು ಗೆರೆಗಳನ್ನು ನೋಡಿದೆ, ಒಂದು ಹೆಸರನ್ನೂ ಬರೆದುಕೊಳ್ಳಲಿಲ್ಲ. ರೋಗಿಯ ಗುಟ್ಟು ವೈದ್ಯ ಸತ್ತ ಮೇಲೂ ರೋಗಿಯದೇ.

ಸಂಸಾರದ ಭಾಗ ಎಲ್ಲಕ್ಕಿಂತ ತೊಡಕಿನದು. ‘ಆದರ್ಶ ಕುಟುಂಬವತ್ಸಲರು’ ಎಂದು ಬರೆದುಬಿಡಬಹುದಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಗೋಣಿಕೊಪ್ಪಲಿನ ಸಂತೆ ಭಾನುವಾರ. ತೋಟದವರು ಕೈಯಲ್ಲಿ ಕೂಲಿ ಹಿಡಿದು ಪೇಟೆಗೆ ಬರುವುದು ಅಂದೇ. ಆದ್ದರಿಂದ ಚಿಕ್ಕಪ್ಪನಿಗೆ ಭಾನುವಾರ ಉಸಿರಾಡಲು ಪುರುಸೊತ್ತಿಲ್ಲ, ರಜೆ ಸೋಮವಾರ. ಮಕ್ಕಳಿಗೆ ರಜೆ ಭಾನುವಾರ ಮಾತ್ರ. ಅಪ್ಪನೊಡನೆ ಕಳೆಯಬೇಕೆಂದರೆ ಕ್ಲಿನಿಕ್ಕಿಗೇ ಹೋಗಬೇಕು. ದೊಡ್ಡವನು ಬಾಗಿಲಲ್ಲಿ ಕುಳಿತು ಟೋಕನ್ ಕೊಡುತ್ತಿದ್ದ. ಚಿಕ್ಕವನಿಗೆ ಒಳಗೆ ಕಲ್ಬತ್ತಿನ ಕೆಲಸ: ಹುಳುಕು ಹಲ್ಲಿಗೆ ತುಂಬಲು ಬೆಳ್ಳಿಯ ಮಿಶ್ರಲೋಹದ ಪುಡಿಯನ್ನು ಪಾದರಸದೊಡನೆ ಅರೆಯುವುದನ್ನು ದೂರದಿಂದ ನೋಡುವುದು, ಮುಟ್ಟಿದರೆ ಏಟು. ಕೈಲ್ ಮುಹೂರ್ತದ ಹಬ್ಬ ಭಾನುವಾರ ಬಿದ್ದ ವರ್ಷ ಮನೆಯಲ್ಲಿ ಕೋವಿಗೆ ಪೂಜೆಯಾಗಿ ಕಡುಬು, ಪಂದಿಕರಿ ಆರುವವರೆಗೂ ಅಪ್ಪ ಬರಲಿಲ್ಲವೆಂಬ ಮುನಿಸು ಚಿಕ್ಕವನಿಗೆ ಇಂದಿಗೂ ಇದೆ. ಅದನ್ನೂ ಅವನ ಒಪ್ಪಿಗೆ ಪಡೆದು ಹಾಕಿದೆ.

ಚಿಕ್ಕಮ್ಮನಿಗೆ ಕರಡನ್ನು ಓದಿ ಹೇಳಿದೆ. ‘ಬೆನ್ನೆಲುಬಾಗಿ ನಿಂತ ಪತ್ನಿ’ ಎಂಬಲ್ಲಿ ತಡೆದರು. “ಬೆನ್ನೆಲುಬು ಬೇಡ. ಪ್ರೆಷರ್ ಕುಕ್ಕರಿನಲ್ಲಿ ಸಲಕರಣೆ ಬೇಯಿಸುತ್ತಿದ್ದವಳು ನಾನು, ಕಾಫಿ ತೋಟದ ಲೆಕ್ಕ ನೋಡುತ್ತಿದ್ದವಳು ನಾನು. ದುಡ್ಡಿಲ್ಲದವರ ಹಲ್ಲು ಅವರು ಪುಕ್ಕಟೆ ಕಿತ್ತದ್ದು ತೋಟದ ದುಡ್ಡಿನಿಂದ. ಹಾಗೇ ಬರಿ.” ಹಾಗೇ ಬರೆದೆ. ಓದಿದವರಲ್ಲಿ ಹೆಚ್ಚಿನವರು ನನ್ನೊಡನೆ ಮಾತನಾಡಿದ್ದು ಆ ಪುಟದ ಬಗ್ಗೆಯೇ.

ಅಕ್ಷರ ದೊಡ್ಡದಾಗಿಸಿ ಅಚ್ಚು ಹಾಕಿಸಿದೆವು. ಓದುವವರಲ್ಲಿ ಬಹಳ ಮಂದಿಗೆ ಕಣ್ಣಿನ ಪೊರೆ. ಮೊಮ್ಮಕ್ಕಳಿಗಾಗಿ ಇಂಗ್ಲಿಷಿನಲ್ಲೂ ಒಂದು ಮಾಡಿಕೊಡು ಎಂದು ತಮ್ಮಂದಿರು ಕೇಳುತ್ತಿದ್ದಾರೆ. ಇಕ್ಕಳ, ರಿಜಿಸ್ಟರು ಎಲ್ಲ ಮನೆಯಲ್ಲೇ ಇವೆ, ಮೊಮ್ಮಕ್ಕಳೇ ರಜೆಗೆ ಬಂದು ಅಜ್ಜಿಯ ಹತ್ತಿರ ಕೇಳಿ ಬರೆಯಲಿ ಎಂದಿದ್ದೇನೆ.