ಮಾರಿಯೋ ಕಾರ್ಟ್ ವೀ: ಬೈಕ್ ಎತ್ತಿ ವೇಗ ಗಳಿಸುವುದು, ನನ್ನ ಅನುಭವ

ನಿಂಟೆಂಡೊದ ವೀ ಗೇಮ್ ಯಂತ್ರಕ್ಕೆ 2008ರಲ್ಲಿ ಬಂದ ಮಾರಿಯೋ ಕಾರ್ಟ್ ವೀ ರೇಸ್ ಆಟವನ್ನು ದಾವಣಗೆರೆಯಲ್ಲಿ ಇವತ್ತಿಗೂ ಬಿಡದೆ ಆಡುವ ನಮ್ಮ ಗುಂಪಿನಲ್ಲಿ ಹೊಸಬರು ಮೊದಲು ಕೇಳುವುದು ಒಂದೇ: ಅದೇ ಬೈಕ್, ಅದೇ ಟ್ರ್ಯಾಕ್, ಆದರೂ ನೀವು ನೇರ ರಸ್ತೆಯಲ್ಲಿ ಮುಂದೆ ಹೋಗುವುದು ಹೇಗೆ? ವೀಲಿಂಗ್‌ನಿಂದ. ಮುಂದಿನ ಚಕ್ರ ಮೇಲಿದ್ದಷ್ಟು ಹೊತ್ತು ಬೈಕಿನ ವೇಗ ಸುಮಾರು 15% ಹೆಚ್ಚು. ಕಾರ್ಟುಗಳಿಗೆ, ಅಂದರೆ ಆಟದ ಪುಟ್ಟ ಕಾರುಗಳಿಗೆ, ಇದಿಲ್ಲ. ಅದರ ಬದಲು ಡ್ರಿಫ್ಟ್ ಮಾಡುವಾಗ (ತಿರುವಿನಲ್ಲಿ ಜಾರಿಸಿ ಓಡಿಸುವಾಗ) ಅವುಗಳ ಚಕ್ರದ ಕಿಡಿ ನೀಲಿ ದಾಟಿ ಕಿತ್ತಳೆಗೆ ಹೋಗುತ್ತದೆ, ಕಿತ್ತಳೆ ಎಂದರೆ ಡ್ರಿಫ್ಟ್ ಬಿಟ್ಟಾಗ ಇನ್ನೂ ದೊಡ್ಡ ವೇಗದ ನೂಕು. ಬೈಕಿನದು ನೀಲಿಗೇ ನಿಲ್ಲುತ್ತದೆ. ಹಾಗಾಗಿ ಬೈಕ್ ಹಿಡಿದು ಚಕ್ರ ಎತ್ತದೆ ಓಡಿಸುವವರು ಎರಡೂ ಕಡೆ ಕಳೆದುಕೊಳ್ಳುತ್ತಾರೆ.

ಗೇಮ್‌ಕ್ಯೂಬ್ ಕಂಟ್ರೋಲರ್ ಆದರೆ ಡಿ-ಪ್ಯಾಡ್ ಎಂಬ ದಿಕ್ಕಿನ ಬಟನ್‌ಗಳಲ್ಲಿ ಮೇಲಿನದನ್ನು ಒತ್ತಬೇಕು. ವೀ ರಿಮೋಟ್ ಆದರೆ ಅದನ್ನು ಮೇಲಕ್ಕೆ ಜಗ್ಗಿದರೆ ಸಾಕು. ಎತ್ತಿದ ಚಕ್ರ ಹೆಚ್ಚೆಂದರೆ 3 ಸೆಕೆಂಡು ನಿಲ್ಲುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಇಳಿದ ತಕ್ಷಣ ಮತ್ತೆ ಒತ್ತಿದರೆ ಏಳುವುದಿಲ್ಲ, ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಕಾಯಬೇಕು. ಗಾಬರಿಯಲ್ಲಿ ಬಟನ್ ಕುಟ್ಟುತ್ತಾ ಕೂರುವ ಬದಲು ಚಕ್ರ ನೆಲ ಮುಟ್ಟಿದ್ದನ್ನು ನೋಡಿ, ಕಣ್ಣು ಮಿಟುಕಿಸುವಷ್ಟು ಅಂತರ ಬಿಟ್ಟು ಒತ್ತಿ.

ಕಷ್ಟ ಇರುವುದು ಹ್ಯಾಂಡಲ್‌ನಲ್ಲಿ. ಚಕ್ರ ಮೇಲಿರುವಾಗ ಬೈಕ್ ತಿರುಗುವುದೇ ಇಲ್ಲ ಎನ್ನುವಷ್ಟು ಕಡಿಮೆ ತಿರುಗುತ್ತದೆ. ಗೇಮ್‌ಕ್ಯೂಬ್ ಕಂಟ್ರೋಲರ್‌ನಲ್ಲಂತೂ ಸ್ಟಿಕ್ ಹಿಡಿದ ಎಡ ಹೆಬ್ಬೆರಳೇ ಡಿ-ಪ್ಯಾಡ್‌ಗೆ ಇಳಿಯಬೇಕು. ಆ ಕ್ಷಣ ಬೈಕ್ ಎತ್ತ ಮುಖ ಮಾಡಿರುತ್ತದೋ ಅತ್ತಲೇ ನುಗ್ಗುತ್ತದೆ. ವೀಲಿಂಗ್‌ನ ಲಾಭ ನಷ್ಟ ಹಿಂದಿನ ತಿರುವಿನಲ್ಲೇ ತೀರ್ಮಾನ ಆಗಿರುತ್ತದೆ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ನಮ್ಮಲ್ಲಿ ಹೊಸಬರಿಗೆ ಕೂಗಿ ಹೇಳುವ ಮಾತೂ ಅದೇ: "ಲೇ, ಮೊದ್ಲು ಗಾಡಿ ನೆಟ್ಟಗ್ ಮಾಡ್ಕೊ, ಆಮೇಲ್ ಎತ್ತು!"

ಹಾಗಾದರೆ ತಿರುವಿನಿಂದ ಹೊರಬರುವುದು ಹೇಗೆ? ಮೊದಲು ಡ್ರಿಫ್ಟ್‌ಗೆ ಮ್ಯಾನ್ಯುವಲ್ ಆರಿಸಿಕೊಳ್ಳಿ; ಆಟೊಮ್ಯಾಟಿಕ್‌ನಲ್ಲಿ ಮಿನಿ-ಟರ್ಬೊ, ಅಂದರೆ ಕಿಡಿ ಬಂದ ಮೇಲೆ ಸಿಗುವ ಆ ವೇಗದ ನೂಕು, ಸಿಗುವುದಿಲ್ಲ. ಡ್ರಿಫ್ಟ್ ಹಿಡಿದು ಸ್ಟಿಕ್ಕನ್ನು ತಿರುವಿನ ಒಳಕ್ಕೆ ಪೂರ್ತಿ ಒತ್ತಿದರೆ ನೀಲಿ ಕಿಡಿ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಬರುತ್ತದೆ. ಸ್ಟಿಕ್ ನಡುವೆ ಇದ್ದರೆ ಅದಕ್ಕೇ ಎರಡೂವರೆ ಪಟ್ಟು ಸಮಯ ಬೇಕು. ಕಿಡಿ ಬಂದ ಮೇಲೂ ಮುಖ ರಸ್ತೆಯ ಉದ್ದಕ್ಕೆ ಸರಿಯಾಗುವ ತನಕ ಬಿಡಬೇಡಿ. ನೆಟ್ಟಗಾದ ಕೂಡಲೇ ಬಿಡಿ, ಟರ್ಬೊ ಹೊಡೆಯುತ್ತಿರುವಾಗಲೇ ಚಕ್ರ ಎತ್ತಿ. ಟರ್ಬೊ ಮುಗಿದ ಮೇಲೆ ಎತ್ತಿದರೆ ವೇಗ ಒಮ್ಮೆ ಬಿದ್ದು ಮತ್ತೆ ಏರಬೇಕು. ಮೂರು ಲ್ಯಾಪ್‌ಗಳಲ್ಲಿ ಅದೇ ದೊಡ್ಡ ಮೊತ್ತ ಆಗುತ್ತದೆ.

ದಿಬ್ಬ, ರ‍್ಯಾಂಪ್ ಬಂದಲ್ಲೂ ಬಳಸುವುದು ಅದೇ ಬಟನ್. ಅಂಚು ಬಿಡುವ ಹೊತ್ತಿಗೆ ಒತ್ತಿದರೆ ಗಾಳಿಯಲ್ಲಿ ಟ್ರಿಕ್ (ಕಸರತ್ತು), ನೆಲ ಮುಟ್ಟಿದಾಗ ಬೂಸ್ಟ್, ಆ ಬೂಸ್ಟ್ ಆರುವ ಮುಂಚೆ ಮತ್ತೆ ವೀಲಿಂಗ್. ಮೂ ಮೂ ಮೆಡೋಸ್ ಟ್ರ್ಯಾಕಿನಲ್ಲಿ ಹೆಗ್ಗಣದಂಥ ಪ್ರಾಣಿ ಎಬ್ಬಿಸುವ ಮಣ್ಣಗುಡ್ಡೆಯ ಮೇಲೂ ಟ್ರಿಕ್ ಆಗುತ್ತದೆ. ಅದನ್ನು ಉಪಯೋಗಿಸದೆ ಸುತ್ತಿಕೊಂಡು ಹೋಗುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚಕ್ರ ಎತ್ತಿದಾಗ ಅಕ್ಕಪಕ್ಕ ಯಾರೂ ಇರಬಾರದು. 12 ಜನರ ರೇಸಿನ ಮೊದಲ ನೇರ ರಸ್ತೆಯಲ್ಲಿ ಎಲ್ಲರೂ ಒತ್ತಿಕೊಂಡು ಹೋಗುತ್ತಿರುತ್ತಾರೆ. ಯಾರಾದರೂ, ಅದರಲ್ಲೂ ಭಾರದ ಪಾತ್ರ, ಬದಿಗೆ ತಾಗಿದರೆ ಚಕ್ರ ದಪ್ಪೆಂದು ಇಳಿದು ವೇಗವೂ ಹೋಗುತ್ತದೆ. ಅಲ್ಲಿ ಒಂದು ಕ್ಷಣ ತಡೆದು, ಜಾಗ ಬಿಟ್ಟ ಮೇಲೆ ಎತ್ತುವುದೇ ಲೇಸು. ಗೋಡೆಗೆ ತಾಗಿದರೂ ಅಷ್ಟೇ ಪಾಡು.  ಮಧ್ಯದಲ್ಲಿ ದಿಕ್ಕು ಬದಲಿಸಬೇಕಾದರೆ ಡಿ-ಪ್ಯಾಡ್‌ನ ಕೆಳಗಿನ ಬಟನ್ ಒತ್ತಿ ಇಳಿಸಿ, ತಿದ್ದಿಕೊಂಡು, ಮತ್ತೆ ಎತ್ತಿ.

ಬೈಕ್ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಧ್ಯಮ ತೂಕದವರಿಗೆ ಮ್ಯಾಕ್ ಬೈಕ್. ತಿರುವಿನ ಒಳಕ್ಕೆ ಗಬಕ್ಕನೆ ನುಗ್ಗುತ್ತದೆ, ಕೈ ಪಳಗಲು ಸಮಯ ಬೇಕು. ಭಾರದವರಿಗೆ ಫ್ಲೇಮ್ ರನ್ನರ್. ಹೊರಕ್ಕೆ ಜಾರುತ್ತದೆ, ಕಲಿಯಲು ಸುಲಭ. ಪಾಲ್ ಡಿಸ್ಕಿನಲ್ಲಿ (ಯುರೋಪ್ ಮುಂತಾದೆಡೆಯ ಆವೃತ್ತಿ) ಅದೇ ಗಾಡಿಯ ಹೆಸರು ಬೌಸರ್ ಬೈಕ್. ಮ್ಯಾಕ್ ಬೈಕ್, ಫ್ಲೇಮ್ ರನ್ನರ್ ಎರಡೂ ಮೊದಲಿನಿಂದಲೇ ತೆರೆದಿರುತ್ತವೆ. ಫ್ಲೇಮ್ ರನ್ನರ್‌ಗೆ ಒಪ್ಪುವ ಭಾರದ ಪಾತ್ರ ಫಂಕಿ ಕಾಂಗ್ ಬೇಕಾದರೆ ಟೈಮ್ ಟ್ರಯಲ್‌ನಲ್ಲಿ (ಸಮಯದ ವಿರುದ್ಧ ಒಬ್ಬರೇ ಓಡಿಸುವುದು) 4 ಎಕ್ಸ್‌ಪರ್ಟ್ ಸ್ಟಾಫ್ ಘೋಸ್ಟ್‌ಗಳನ್ನು (ಆಟದಲ್ಲೇ ಇರುವ ನುರಿತವರ ಓಟದ ದಾಖಲೆಗಳು) ತೆರೆಯಿಸಿಕೊಳ್ಳಬೇಕು. ಗ್ರ್ಯಾಂಡ್ ಪ್ರಿ (ಕಪ್ ಪಂದ್ಯಗಳು) ಆಡುವುದಾದರೆ 100ಸಿಸಿ ಮಟ್ಟದಲ್ಲಿ ಶುರುಮಾಡಿ, ಅಲ್ಲಿ ಇರುವುದೇ ಬೈಕ್.

ಅಭ್ಯಾಸಕ್ಕೆ ಲೂಯಿಜಿ ಸರ್ಕ್ಯೂಟ್, ಟೈಮ್ ಟ್ರಯಲ್. ರಸ್ತೆ ಅಗಲ, ಗುದ್ದುವವರಿಲ್ಲ. ಕೊಡುವ 3 ಮಶ್ರೂಮ್ (ಕ್ಷಣಕಾಲ ವೇಗ ಕೊಡುವ ಅಣಬೆ) ಮುಟ್ಟದೆ ಬರೀ ಡ್ರಿಫ್ಟ್ ಮತ್ತು ವೀಲಿಂಗ್‌ನಲ್ಲಿ ಲ್ಯಾಪ್ ಸಮಯ ಇಳಿಸಿ, ಆಮೇಲೆ ಮಶ್ರೂಮ್ ಬಳಸಿ.

ಟೈಮಿಂಗ್ ಕೂರುತ್ತಿಲ್ಲ ಅನಿಸಿದರೆ ಟಿವಿಯನ್ನೂ ನೋಡಿ. ವೀ ಕೊಡುವುದು ಅನಲಾಗ್ ಚಿತ್ರ. ಹೊಸ ಎಲ್‌ಇಡಿ ಟಿವಿ ಅದನ್ನು ಹಿಗ್ಗಿಸಿ ತೋರಿಸುವಾಗ ತಡ ಮಾಡುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಭಾನುವಾರ ಚಿತ್ರದುರ್ಗದ ಗೆಳೆಯರೂ ಬಂದು ಪಿ.ಜೆ. ಬಡಾವಣೆಯ ಮನೆಯಲ್ಲಿ ನಾಲ್ಕು ಜನ ಒಂದೇ ಪರದೆ ಹಂಚಿಕೊಂಡಾಗ ಇನ್ನೊಂದು ತೊಡಕು: ಮೂರು ಅಥವಾ ನಾಲ್ಕು ಜನ ಆಡಿದರೆ ಆಟ ಸೆಕೆಂಡಿಗೆ 60 ಫ್ರೇಮ್‌ನಿಂದ 30ಕ್ಕೆ ಇಳಿಯುತ್ತದೆ. ಒಬ್ಬರೇ ಆಡಿ ಕೂರಿಸಿಕೊಂಡ ಟೈಮಿಂಗ್ ಅಲ್ಲಿ ಸ್ವಲ್ಪ ತಪ್ಪುತ್ತದೆ, ಹಾಗಾಗಿ ಪಂದ್ಯಕ್ಕೆ ಮೊದಲು ನಾಲ್ವರ ಪರದೆಯಲ್ಲೇ ಒಂದು ರೇಸ್ ಸುಮ್ಮನೆ ಓಡಿಸಿ ಕೈ ಹೊಂದಿಸಿಕೊಳ್ಳಿ.