28ನೇ ದಿನ ಕಾಣೆಯಾಗುವವರು

ಬಿಪಿ ಬರೆದಿಡುವ ಮೊಬೈಲ್ ಆ್ಯಪ್‌ನ ಅಧ್ಯಯನವೊಂದಕ್ಕೆ ಉಡುಪಿ, ಮಂಗಳೂರು ಕಡೆ ಜನ ಸೇರಿಸುವ ಕೆಲಸ ನನ್ನದಾಗಿತ್ತು. ಇಂಥದ್ದಕ್ಕೆ ಬೇಗ ಸಿಗುವವರು ಮಣಿಪಾಲದ ಕಾಲೇಜು ಮಕ್ಕಳು, ಬ್ಯಾಂಕಿನವರು. ನಮಗೆ ಬೇಕಿದ್ದವರು ಕೊರಗ ಬುಡಕಟ್ಟಿನ ಕಾಲನಿಯವರು ಮತ್ತು ಬೀಡಿ ಕಟ್ಟುವ ಬ್ಯಾರಿ ಹೆಂಗಸರು, ಅಂದರೆ ಕರಾವಳಿಯ ಮುಸ್ಲಿಂ ಸಮುದಾಯದವರು.

ಕೊರಗರಿಗೆ ಸರ್ವೆ ಹೊಸತಲ್ಲ. ಬರ್ತಾರೆ, ಹೆಸರು ಬರೀತಾರೆ, ಫೋಟೊ ತೆಗೀತಾರೆ, ಮತ್ತೆ ಪತ್ತೆ ಇಲ್ಲ. ಅದಕ್ಕಿಂತ ಹಳೆಯ ಗಾಯವೂ ಇದೆ. ಬೇರೆಯವರ ಕಾಯಿಲೆ ಕಳೆಯಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನು ಇವರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಗೆ ಕಾನೂನಿನ ನಿಷೇಧ ಬಂದದ್ದು 2000ದಲ್ಲಿ, ಮೊನ್ನೆ ಮೊನ್ನೆ ಅಂದ ಹಾಗೆ. ಅಂಥ ಕಡೆ ಹೋಗಿ 'ನಿಮ್ಮ ಆರೋಗ್ಯಕ್ಕೇ' ಅಂದರೆ ಯಾರು ನಂಬ್ತಾರೆ? ಹಾಗಾಗಿ ಮೊದಲು ಸುಮ್ನೆ ಬಿಪಿ ನೋಡಿ, ಚೀಟಿಯಲ್ಲಿ ಬರೆದುಕೊಟ್ಟು ಬಂದೆವು. ಫಾರಂ ಇಲ್ಲ, ಫೋಟೊ ಇಲ್ಲ, ಆ ಲೆಕ್ಕ ಅಧ್ಯಯನಕ್ಕೂ ಇಲ್ಲ. ಆಮೇಲೆ ಒಪ್ಪಿಗೆ ಪತ್ರವನ್ನು ತುಳುವಿನಲ್ಲಿ ಓದಿ ಹೇಳಿದೆವು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ನಮ್ಮ ತಂಡದವರಲ್ಲದ ಸಾಕ್ಷಿಯೊಬ್ಬರು ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುವುದೂ ಅದನ್ನೇ.

ಬ್ಯಾರಿ ಹೆಂಗಸರು ಸಿಕ್ಕಿದ್ದು ಬೀಡಿ ಬ್ರಾಂಚಿನಲ್ಲಿ. ಕಟ್ಟಿದ ಬೀಡಿ ಕೊಟ್ಟು ಎಲೆ, ತಂಬಾಕು ತಗೊಳ್ಳುವ ಹೊತ್ತಿಗೆ ಹೋದರೆ ಮಾತಾಡಲು ಐದು ನಿಮಿಷ ಸಿಗುತ್ತದೆ. ಮನೆಗೆ ಹೋದರೆ ಮೊದಲು ಗಂಡನನ್ನೋ ಅತ್ತೆಯನ್ನೋ ಒಪ್ಪಿಸಬೇಕು. ರಂಜಾನ್ ಉಪವಾಸದ ತಿಂಗಳಲ್ಲಿ ಊಟ, ನಿದ್ದೆ, ಮಾತ್ರೆಯ ಹೊತ್ತು ಎಲ್ಲ ಬದಲಾಗುತ್ತದೆ, ಬೆಳಿಗ್ಗೆ ಎಂಟರ ರಿಮೈಂಡರ್ ಇಟ್ಟು ಪ್ರಯೋಜನ ಇಲ್ಲ. ಇಫ್ತಾರ್ ಮುಗಿದ ಮೇಲಿನ ಹೊತ್ತಿಗೆ ಬದಲಾಯಿಸಿ, ಬರಹದ ಬದಲು ಬ್ಯಾರಿ ಭಾಷೆಯಲ್ಲೇ ವಾಯ್ಸ್ ಮೆಸೇಜ್ ಕಳಿಸಿದೆವು.

ಸೇರಿಸುವುದಾದರೂ ಆಯಿತು, ಉಳಿಸಿಕೊಳ್ಳುವುದು ಜಾಸ್ತಿ ಕಷ್ಟ. ತಿಂಗಳು ತುಂಬುವ ಮೊದಲೇ ರೀಡಿಂಗ್ ನಿಲ್ಲುತ್ತಿತ್ತು. ಕಂಪ್ಯೂಟರಿನ ಪಟ್ಟಿಯಲ್ಲಿ ಅಂಥವರ ಹೆಸರಿನ ಮುಂದೆ 'ಆಸಕ್ತಿ ಇಲ್ಲ' ಅಂತ ಬೀಳುತ್ತಿತ್ತು. ಮನೆಗೆ ಹೋಗಿ ನೋಡಿದರೆ ಬಿಪಿ ಮೆಷಿನ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿನ ಮೇಲೆ ಜೋಪಾನವಾಗಿದೆ, ಪಕ್ಕದಲ್ಲಿ ಮಗಳ ಹಳೇ ನೋಟ್‌ಬುಕ್, ಅದರಲ್ಲಿ ಪೆನ್ಸಿಲಿನಿಂದ ಸಾಲಾಗಿ ರೀಡಿಂಗ್! 28 ದಿನದ ರೀಚಾರ್ಜ್ ಮುಗಿದಿತ್ತು, ಅಷ್ಟೇ. 'ಮುಂದಿನದ್ದು ಕೂಲಿ ಸಿಕ್ಕಿದ ಮೇಲೆ ಅಕ್ಕ,' ಅಂದರು. ಇನ್ನೊಂದು ಮನೆಯಲ್ಲಿ ಫೋನ್ ಮಗನೊಟ್ಟಿಗೆ ಕೆಲಸಕ್ಕೆ ಹೋಗಿತ್ತು. ಇವರಿಗೆ ಆಸಕ್ತಿ ಇಲ್ಲ ಅನ್ನುವುದಾ?

ಆಮೇಲೆ ರೀಚಾರ್ಜ್ ಹಣವನ್ನು ಖರ್ಚಿನ ಮರುಪಾವತಿ ಅಂತ, ಅಧ್ಯಯನದ ಸರಿ-ತಪ್ಪು ನೋಡುವ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಕೊಟ್ಟೆವು. ಉಡುಗೊರೆ ಅಂತ ಕೊಟ್ಟರೆ ಆಮಿಷದ ಪ್ರಶ್ನೆ ಬರುತ್ತದೆ. ನೋಟ್‌ಬುಕ್ಕಿನ ಬರಹವನ್ನೂ ಲೆಕ್ಕಕ್ಕೆ ತಗೊಂಡೆವು, ಆದರೆ ಫೋನಿನಲ್ಲಿ ಬಂದದ್ದರ ಜೊತೆ ಬೆರೆಸದೆ ಬೇರೆಯಾಗಿ ಗುರುತು ಹಾಕಿ.

ಒಂದೇ ಫೋನು ಮನೆಮಂದಿಗೆಲ್ಲ ಅಂದ ಮೇಲೆ ಮೆಸೇಜಿನಲ್ಲಿ ಕಾಯಿಲೆಯ ಹೆಸರು ಹಾಕಲೇಬಾರದು. ಎರಡನೇ ನಂಬರ್ ತಗೊಳ್ಳಿ, ಆದರೆ ಅದು ಯಾರದ್ದು, ಅವರ ಹತ್ತಿರ ಎಷ್ಟು ಹೇಳಬಹುದು ಅಂತ ಭಾಗವಹಿಸುವವರನ್ನೇ ಕೇಳಿ ಬರೆದುಕೊಳ್ಳಿ. ಒಬ್ಬರು ನಾದಿನಿಯ ನಂಬರ್ ಕೊಟ್ಟು, 'ಬೀಡಿ ವಿಷಯ ಅಂತ ಹೇಳಿ ಸಾಕು' ಅಂದಿದ್ದರು. ಸುಳ್ಳು ಹೇಳುವ ಹಾಗಿರಲಿಲ್ಲ, 'ಸಂಜೆ ಒಮ್ಮೆ ಫೋನ್ ಮಾಡ್ಲಿಕ್ಕೆ ಹೇಳಿ' ಅಂತಷ್ಟೇ ಹೇಳುತ್ತಿದ್ದೆವು.