ಒಂದು ನಿರ್ಧಾರದ ಬೆನ್ನು ಹತ್ತಿ: ಬಿಸಿನೆಸ್ ಇಂಟೆಲಿಜೆನ್ಸ್ ಮತ್ತು ನಾಲೆಜ್ ಮ್ಯಾನೇಜ್‌ಮೆಂಟ್ ಬಗ್ಗೆ ಸಂಶೋಧನೆ ಮಾಡುವುದು ಹೇಗೆ

ಹನ್ನೊಂದು ವರ್ಷ ನಾನು ಕಂಪನಿಯೊಂದರಲ್ಲಿ ರಿಪೋರ್ಟ್ ತೆಗೆಯುವ ಕೆಲಸ ಮಾಡಿದೆ. ಆಮೇಲೆ ಪಿಎಚ್‌ಡಿಗೆ ಸೇರಿದೆ. ಅಂಕಿಅಂಶಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಕಟ್ಟಿದವಳಿಗೆ ಅದರ ಬಗ್ಗೆ ಪ್ರಬಂಧ ಬರೆಯುವುದು ಏನು ಮಹಾ ಅಂದುಕೊಂಡಿದ್ದೆ. ಬಿಸಿನೆಸ್ ಇಂಟೆಲಿಜೆನ್ಸ್ ಅಂದರೆ ಸಂಸ್ಥೆಯ ಅಂಕಿಅಂಶಗಳನ್ನು ನಿರ್ಧಾರಕ್ಕೆ ನೆರವಾಗುವ ಹಾಗೆ ತೋರಿಸುವುದು; ನಾಲೆಜ್ ಮ್ಯಾನೇಜ್‌ಮೆಂಟ್ ಅಂದರೆ ಅಲ್ಲಿನ ಜನರಿಗೆ ಗೊತ್ತಿರುವುದನ್ನು ಹಿಡಿದಿಟ್ಟು ಹಂಚುವುದು. ‘ಸಂಸ್ಥೆಗಳ ಸಾಧನೆಯ ಮೇಲೆ ಬಿಸಿನೆಸ್ ಇಂಟೆಲಿಜೆನ್ಸ್ ಮತ್ತು ನಾಲೆಜ್ ಮ್ಯಾನೇಜ್‌ಮೆಂಟ್‌ನ ಪ್ರಭಾವ’ ಅಂತ ವಿಷಯ ಬರೆದು ಗೈಡ್ ಮುಂದಿಟ್ಟೆ. ಅವರು ಕನ್ನಡಕ ತೆಗೆದಿಟ್ಟು, “ಯಾವ ನಿರ್ಧಾರ? ಯಾರು ತಗೊಂಡಿದ್ದು? ಯಾವತ್ತು?” ಅಂದರು. ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಈ ವಿಷಯಕ್ಕೆ ಕೈ ಹಾಕುವವರಿಗೆ ನನ್ನ ಮೊದಲ ಮಾತು ಇದು. ಸಾಫ್ಟ್‌ವೇರ್‌ನಿಂದ ಶುರು ಮಾಡಬೇಡಿ. ಪ್ರಶ್ನಾವಳಿಯಿಂದಂತೂ ಬೇಡವೇ ಬೇಡ. ನೀವು ನೋಡಲಿರುವ ಸಂಸ್ಥೆಯಲ್ಲಿ ಮತ್ತೆ ಮತ್ತೆ ತೆಗೆದುಕೊಳ್ಳುವ ಒಂದೇ ಒಂದು ನಿರ್ಧಾರ ಹಿಡಿದುಕೊಳ್ಳಿ. ನಾನು ಹಿಡಿದದ್ದು ಬಿಡಿಭಾಗಗಳ ಖರೀದಿ. ಈ ತಿಂಗಳು ಯಾವುದನ್ನು ಎಷ್ಟು ತರಿಸಬೇಕು? ಇಷ್ಟೇ ಪ್ರಶ್ನೆ. ವಾರಕ್ಕೋ ತಿಂಗಳಿಗೋ ಒಮ್ಮೆ ಬರುವ ನಿರ್ಧಾರ ಆದರೆ ಒಳ್ಳೆಯದು. ವರ್ಷಕ್ಕೊಮ್ಮೆ ಬರುವುದನ್ನು ಹಿಡಿದರೆ ಕಾಯುತ್ತಾ ಕೂರಬೇಕಾಗುತ್ತದೆ. ಆಮೇಲೆ ಅಲ್ಲಿಂದ ಹಿಂದಕ್ಕೆ ನಡೆಯಿರಿ. ಯಾವ ಅಂಕಿ ನೋಡಿದರು, ಯಾರನ್ನು ಕೇಳಿದರು, ಯಾವುದನ್ನು ನೋಡಿಯೂ ಬದಿಗಿಟ್ಟರು ಅಂತ ಬರೆದುಕೊಳ್ಳಿ.

ಓದು ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. ನೂರಾರು ಲೇಖನ ಗುಡ್ಡೆ ಹಾಕುವುದಕ್ಕಿಂತ ಹಳೆಯ ಒಂದೆರಡನ್ನು ನಿಧಾನವಾಗಿ ಓದಿದ್ದು ನನಗೆ ಜಾಸ್ತಿ ಉಪಯೋಗವಾಯಿತು. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಬಿಸಿನೆಸ್ ಇಂಟೆಲಿಜೆನ್ಸ್ ವ್ಯವಸ್ಥೆಯ ಬಗ್ಗೆ ಒಂದು ಲೇಖನ ಬರೆದರು. ಮಾರಾಟದ ಗ್ರಾಫ್ ಹುಡುಕಿಕೊಂಡು ಹೋದವಳಿಗೆ ಅಲ್ಲಿ ಸಿಕ್ಕಿದ್ದೇ ಬೇರೆ. ಯಂತ್ರ ದಾಖಲೆಗಳನ್ನು ಓದಿ ಸಾರ ತೆಗೆಯಬೇಕು, ಬೇಕಾದವರಿಗೆ ತಲುಪಿಸಬೇಕು. ಏನು ಗೊತ್ತಿದೆ, ಯಾರಿಗೆ ಗೊತ್ತಿದೆ, ಯಾರಿಗೆ ಗೊತ್ತಾಗಬೇಕು ಅನ್ನುವುದು ಅವರ ಚಿಂತೆ. ಇವತ್ತಿನ ಲೆಕ್ಕದಲ್ಲಿ ಇದು ನಾಲೆಜ್ ಮ್ಯಾನೇಜ್‌ಮೆಂಟೇ ಅಲ್ವಾ? 1989ರಲ್ಲಿ ಉದ್ಯಮ ವಿಶ್ಲೇಷಕ ಹೊವಾರ್ಡ್ ಡ್ರೆಸ್ನರ್ ಅದೇ ಹೆಸರನ್ನು ಮತ್ತೆ ಬಳಕೆಗೆ ತಂದಾಗ ಒತ್ತು ಅಂಕಿಅಂಶದ ಕಡೆ ವಾಲಿತ್ತು. ಇನ್ನೊಂದು ಕಡೆ, ಅಂದರೆ ಜ್ಞಾನದ ಕಡೆ, ತತ್ವಜ್ಞಾನಿ ಮೈಕೆಲ್ ಪೊಲಾನಿ ಇದ್ದರು. ಬಾಯಲ್ಲಿ ಹೇಳಲು ಆಗುವುದಕ್ಕಿಂತ ಜಾಸ್ತಿ ನಮಗೆ ಗೊತ್ತಿರುತ್ತದೆ ಅನ್ನುವುದು ಅವರ ಮಾತು. 1990ರ ದಶಕದಲ್ಲಿ ಜಪಾನಿನ ಮ್ಯಾನೇಜ್‌ಮೆಂಟ್ ವಿದ್ವಾಂಸ ಇಕುಜಿರೊ ನೊನಾಕಾ ಅದನ್ನು ಕಂಪನಿಗಳ ಒಳಕ್ಕೆ ತಂದರು. ಎರಡು ಕಡೆಯವರು ಒಬ್ಬರನ್ನೊಬ್ಬರು ಓದುವುದು ಕಡಿಮೆ. ನೀವು ಎರಡನ್ನೂ ಬೆರೆಸಿ ಓದಿ. ಪ್ರತಿ ಲೇಖನದ ಪಕ್ಕ ‘ಇದು ಯಾವ ನಿರ್ಧಾರದ ಬಗ್ಗೆ?’ ಅಂತ ಒಂದು ಕಾಲಂ ಇಡಿ. ನನ್ನ ಪಟ್ಟಿಯಲ್ಲಿ ಆ ಕಾಲಂ ಅರ್ಧಕ್ಕರ್ಧ ಖಾಲಿ ಉಳಿಯಿತು. ನನಗೆ ಸಂಶೋಧನೆಯ ಜಾಗ ಸಿಕ್ಕಿದ್ದು ಆ ಖಾಲಿಯಲ್ಲೇ.

ಓದು ನಡೆಯುತ್ತಿರುವಾಗಲೇ ಸಂಸ್ಥೆಯವರ ಹತ್ತಿರ ಬಳಕೆಯ ಲಾಗ್ ಕೇಳಿ. ಯಾವ ರಿಪೋರ್ಟನ್ನು ಯಾರು, ಯಾವಾಗ ತೆರೆದರು ಅನ್ನುವ ದಾಖಲೆ ಅದು. ಅಮೂಲ್ಯವಾದದ್ದು, ಆದರೆ ಸುಮ್ನೆ ನಂಬಬೇಡಿ. ನನ್ನ ಲಾಗ್‌ನಲ್ಲಿ ಸ್ಟಾಕ್ ಡ್ಯಾಶ್‌ಬೋರ್ಡ್ ಒಂದು ದಿನಕ್ಕೆ ಸುಮಾರು 290 ಸಲ ತೆರೆದಿತ್ತು. ನಾನು ಕುಣಿದಾಡಿದೆ. ಅಧ್ಯಾಯದ ಕರಡೂ ಬರೆದುಬಿಟ್ಟೆ. ಒಂದು ದಿನ ಗೋದಾಮಿಗೆ ಹೋದರೆ ಗೋಡೆಯ ಮೇಲೊಂದು ಟಿವಿ. ಅದರಲ್ಲಿ ಅದೇ ಡ್ಯಾಶ್‌ಬೋರ್ಡ್, ಐದು ನಿಮಿಷಕ್ಕೊಮ್ಮೆ ತಾನೇ ರಿಫ್ರೆಶ್ ಆಗುತ್ತಿತ್ತು. ಗಂಟೆಗೆ 12, ದಿನಕ್ಕೆ 288. ಮನುಷ್ಯರು ತೆರೆದದ್ದು ಬೆರಳೆಣಿಕೆಯಷ್ಟು. ಅದರ ಮುಂದೆ ರಟ್ಟಿನ ಡಬ್ಬಗಳು ಬೇರೆ. ಲಾಗ್ ಕೈಗೆ ಬಂದ ಮೇಲೆ ಮೊದಲು ಯಂತ್ರದ ಲಾಗಿನ್‌ಗಳನ್ನೂ, ನಾಲ್ಕೈದು ಜನ ಹಂಚಿಕೊಂಡ ಪಾಸ್‌ವರ್ಡ್‌ಗಳನ್ನೂ ಬೇರೆ ಮಾಡಿ. ಎಕ್ಸೆಲ್‌ಗೆ ಇಳಿಸಿಕೊಂಡವರನ್ನು ಗುರುತು ಹಾಕಿ. ಡ್ಯಾಶ್‌ಬೋರ್ಡ್‌ನಿಂದ ಎಕ್ಸೆಲ್‌ಗೆ ಇಳಿಸಿಕೊಂಡು ಪಕ್ಕದಲ್ಲಿ ತಮ್ಮದೇ ಒಂದು ಕಾಲಂ ಸೇರಿಸುವವರು ಇರುತ್ತಾರಲ್ಲ, ನೀವು ಮಾತಾಡಬೇಕಾದದ್ದು ಅವರ ಜೊತೆ.

ಸಂದರ್ಶನಕ್ಕೆ ಕೂತಾಗ “ನೀವು ಜ್ಞಾನ ಹಂಚಿಕೊಳ್ಳುತ್ತೀರಾ?” ಅಂತ ಕೇಳಲೇಬೇಡಿ. ಇಲ್ಲ ಅಂದವರನ್ನು ನಾನಂತೂ ಕಂಡಿಲ್ಲ. ಕೊನೆಯ ಸಲ ಏನಾಯಿತು ಅಂತ ಕೇಳಿ. ಮನಶ್ಶಾಸ್ತ್ರಜ್ಞ ಜಾನ್ ಫ್ಲ್ಯಾನಗನ್ 1954ರಲ್ಲಿ ವಿವರಿಸಿದ ‘ಕ್ರಿಟಿಕಲ್ ಇನ್ಸಿಡೆಂಟ್’ ವಿಧಾನದ ತಿರುಳೂ ಇದೇ: ಅಭಿಪ್ರಾಯ ಬಿಟ್ಟು ನಡೆದ ಘಟನೆ ಹಿಡಿಯುವುದು. ಆಗುವುದಾದರೆ ಅವರ ಕಂಪ್ಯೂಟರ್ ಮುಂದೆಯೇ ಕೂತು ಆ ಫೈಲ್ ತೆರೆಸಿ.

ನಾನು ಹಾಗೆ ಕೂತದ್ದು ಸ್ಟೋರ್ಸ್‌ನ ಹಿರಿಯರೊಬ್ಬರ ಪಕ್ಕ. ಒಂದು ಬೇರಿಂಗ್‌ಗೆ ಸಿಸ್ಟಮ್ 400 ಅಂತ ತೋರಿಸುತ್ತಿತ್ತು. ಅವರು ಅಳಿಸಿ 550 ಹಾಕಿದರು. ಯಾಕೆ ಅಂದೆ. “ಹಾಗೇ ಹಾಕೋದು ಮೇಡಂ” ಅಂದರು. ಇಲ್ಲಿ ಬಿಡಬಾರದು. ಹಾಗಂತ ಯಾಕೆ ಯಾಕೆ ಅಂತ ಪೀಡಿಸಲೂಬಾರದು. “ಹೋದ ತಿಂಗಳೂ ಹೀಗೇ ಹಾಕಿದ್ರಾ?” ಅಂದೆ. ಇಲ್ಲವಂತೆ. ಮೇಜಿನ ಡ್ರಾಯರ್‌ನಿಂದ ಒಂದು ಡೈರಿ ಹೊರಬಂತು. ಆ ಸರಬರಾಜುದಾರರು ವರ್ಷಕ್ಕೊಮ್ಮೆ ಯಂತ್ರ ರಿಪೇರಿಗೆ ಅಂತ ಕೆಲಸ ನಿಲ್ಲಿಸುತ್ತಾರೆ, ಆಗ ಸರಕು ಮೂರು ವಾರ ತಡ. ನಮ್ಮ ಸಿಸ್ಟಮ್ ಹನ್ನೆರಡು ತಿಂಗಳ ಸರಾಸರಿ ತೆಗೆಯುತ್ತಿತ್ತು. ಸರಾಸರಿಯಲ್ಲಿ ಆ ಮೂರು ವಾರ ಕರಗಿ ಹೋಗಿತ್ತು. ಆ ಸರಾಸರಿಯ ಸೂತ್ರ ಬರೆದವಳು ನಾನೇ!

ಮಾನವಶಾಸ್ತ್ರಜ್ಞ ಜೂಲಿಯನ್ ಆರ್ (Orr), ಝೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರ ಜೊತೆ ಓಡಾಡಿ ಕಂಡದ್ದೂ ಇಂಥದ್ದೇ. ಕೈಪಿಡಿಗೆ ಸಿಗದ ದೋಷವನ್ನು ಅವರು ಒಬ್ಬರಿಗೊಬ್ಬರು ಕಥೆ ಹೇಳುತ್ತಾ ಪತ್ತೆ ಮಾಡುತ್ತಿದ್ದರು. ಪ್ರಶ್ನಾವಳಿ ಕಳಿಸಿದ್ದರೆ ಆ ಕಥೆಗಳು ಸಿಗುತ್ತಿರಲಿಲ್ಲ.

ಹಾಗಾದರೆ ಪ್ರಶ್ನಾವಳಿ ಬೇಡವೇ? ಬೇಕು, ಕೊನೆಗೆ. ಕಂಡದ್ದು ಎಷ್ಟು ಕಡೆ ಇದೆ ಅಂತ ತಿಳಿಯಲು. ಹತ್ತು ಜನರ ಮೇಲೆ ಮೊದಲು ಪ್ರಯೋಗಿಸಿ, ಅವರು ತಡವರಿಸಿದ ಪ್ರಶ್ನೆ ತಿದ್ದಿ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಅಳೆಯುವ ಕ್ರಾನ್‌ಬಾಕ್ ಆಲ್ಫಾ, ಸಾಮಾನ್ಯವಾಗಿ ಸಾಕು ಅನ್ನುವ 0.7 ದಾಟಿತು ಅಂತ ಹಿಗ್ಗಬೇಡಿ. ಒಂದೇ ಪ್ರಶ್ನೆಯನ್ನು ನಾಲ್ಕು ಥರ ಕೇಳಿದರೂ ಅದು ಏರುತ್ತದೆ. ‘ಸಿಸ್ಟಮ್ ಚೆನ್ನಾಗಿದೆ’, ‘ನಿರ್ಧಾರ ಚೆನ್ನಾಗಿ ಬಂತು’ ಎರಡನ್ನೂ ಒಬ್ಬರೇ ಒಂದೇ ಕೂತಲ್ಲಿ ತುಂಬಿದರೆ ಆ ನಂಟನ್ನು ಅನುಮಾನದಿಂದಲೇ ನೋಡಿ. ನಿರ್ಧಾರದ ಫಲವನ್ನು ಬೇರೆ ಕಡೆಯಿಂದ ತನ್ನಿ. ನಾನು ಸ್ಟಾಕ್ ಖಾಲಿಯಾದ ದಿನಗಳನ್ನು ಎಣಿಸಿದೆ.

ಅನುಮತಿ ವಿಚಾರದಲ್ಲಿ ಒಂದು ಎಚ್ಚರಿಕೆ. ಹೆಸರು ತೆಗೆದರೆ ಗುರುತು ಹೋಯಿತು ಅಂದುಕೊಳ್ಳಬೇಡಿ. ‘ಸ್ಟೋರ್ಸ್‌ನಲ್ಲಿ ಇಷ್ಟು ವರ್ಷ ಸೇವೆ ಆದ ಹಿರಿಯರು’ ಅಂತ ಬರೆದರೆ ಒಳಗಿನವರಿಗೆ ಒಬ್ಬರೇ ನೆನಪಾಗುತ್ತಾರೆ. ಆ ಡೈರಿಯ ಸುದ್ದಿ ಮೇಲಿನವರಿಗೆ ಗೊತ್ತಾದರೆ ಮರುದಿನವೇ ಸ್ಕ್ಯಾನ್ ಮಾಡಿಸಿ ಅಂತ ಆದೇಶ ಬರಬಹುದು. ಅವರಿಗೆ ಅದು ಸಂತೋಷವೋ, ಕೆಲಸ ಹೋಗುವ ಭಯವೋ? ನೀವು ಊಹಿಸಬೇಡಿ, ಕೇಳಿ. ಬರೆದದ್ದನ್ನು ಮೊದಲು ಅವರಿಗೆ ತೋರಿಸಿ, ಹೊಡೆದುಹಾಕುವ ಹಕ್ಕು ಕೊಡಿ, ಅದಕ್ಕೆ ಎರಡು ವಾರ ಬಿಡಿ.

ನಮ್ಮ ಹಿರಿಯರು ನಾಲ್ಕು ಪುಟ ಓದಿ ಪೆನ್ಸಿಲ್‌ನಲ್ಲಿ ಎರಡು ಸಾಲು ಹೊಡೆದರು. ಒಂದು ನನಗೆ ತುಂಬಾ ಇಷ್ಟವಾದ ಸಾಲು. ಪ್ರಬಂಧದಲ್ಲಿ ಅದು ಇಲ್ಲ, ಇಲ್ಲೂ ಬರೆದಿಲ್ಲ.